ಎಡಗೈ ಬೆರಳಿನ ನೌಕರ

ಇಲ್ಲದ ಮನುಷ್ಯನೊಬ್ಬನಿಗೆ ನಾನು ನೌಕರಿ ಕೊಡಿಸಿದ್ದೇನೆ. ಇರುವ ಮನುಷ್ಯರಿಗೆ ಕೊಡಿಸುವುದು ನನ್ನ ಕೈಲಿ ಈತನಕ ಆಗಿಲ್ಲ, ಬೇಕಾದರೆ ನನ್ನ ತಮ್ಮನನ್ನು ಕೇಳಿ. ಆ ಇಲ್ಲದವನಿಗೆ ನಾವಿಟ್ಟ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಯಾಕೆಂದರೆ ಅವನು ಇನ್ನೂ ಸರ್ವಿಸ್‌ನಲ್ಲಿದ್ದಾನೆ.

ನಾನು ಹಾಸನದವಳು. ಸ್ವಲ್ಪ ದಿನದ ಮಟ್ಟಿಗೆ ಎಂದು ವಿಶಾಖಪಟ್ಟಣಕ್ಕೆ ಬಂದು, ಗ್ಯಾಸ್ ಕನೆಕ್ಷನ್ ತೆಗೆದುಕೊಳ್ಳುವಷ್ಟು ದಿನ ಉಳಿದುಬಿಟ್ಟೆ. ಮಧುರವಾಡದ ಒಂದು ಚಿಕ್ಕ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಆಫೀಸುಗಳಲ್ಲಿ ಜನ ದಿನಾ ಮಾಡಿದ್ದನ್ನೇ ಮಾಡುತ್ತಾ ಕೂತಿರುತ್ತಾರಲ್ಲ, ಅಂಥ ಕೆಲಸ ತಾನಾಗಿಯೇ ನಡೆಯುವ ಹಾಗೆ ಮಾಡಿಕೊಡುವುದು ನಮ್ಮ ವ್ಯಾಪಾರ. ಆಟೊಮೇಷನ್ ಎಂದು ಅದರ ಹೆಸರು. ಒಂದು ಕೆಲಸ ತಾನಾಗಿ ನಡೆಯಬೇಕಾದರೆ ಎಷ್ಟು ಜನ ಅದರ ಹಿಂದೆ ಓಡಾಡಬೇಕು ಎಂಬುದನ್ನು ಮಾತ್ರ ಯಾರೂ ಮೊದಲೇ ಹೇಳುವುದಿಲ್ಲ.

ಆ ಸಲ ನಮಗೆ ಸಿಕ್ಕ ಗಿರಾಕಿ ಔಷಧಿಯ ಹೋಲ್‌ಸೇಲ್ ವ್ಯಾಪಾರಿಗಳು. ಹೆಡ್ ಆಫೀಸು ವಿಶಾಖಪಟ್ಟಣದಲ್ಲಿ, ಗೋಡೌನು ವಿಜಯವಾಡದಲ್ಲಿ. ಯಾವ ಮಾತ್ರೆ ಎಷ್ಟು ಉಳಿದಿದೆ ಎಂಬ ಸ್ಟಾಕಿನ ವಿವರವೆಲ್ಲ ಗೋಡೌನಿನ ಕೋಣೆಯೊಂದರಲ್ಲಿದ್ದ ಸರ್ವರ್‌ನೊಳಗೆ. ಅದನ್ನು ಕ್ಲೌಡ್‌ಗೆ ಹಾಕಿಬಿಡೋಣ ಎಂದಾಗ ಮಾಲೀಕರು, ಮನೆಯ ಒಡವೆಯನ್ನು ಜಗುಲಿಯ ಮೇಲಿಡಿ ಎಂದು ಹೇಳಿದವರನ್ನು ನೋಡುವ ಹಾಗೆ ನನ್ನನ್ನು ನೋಡಿದರು. ಸರ್ವರ್ ಗೋಡೌನಿನಲ್ಲೇ ಇರಬೇಕು, ಸಂಜೆಯ ಹೊತ್ತಿಗೆ ಸ್ಟಾಕಿನ ವಿವರ ಮಾತ್ರ ತಾನಾಗಿ ವಿಶಾಖಪಟ್ಟಣಕ್ಕೆ ಬರಬೇಕು ಎಂದು ತೀರ್ಮಾನವಾಯಿತು.

ಅಲ್ಲಿಯವರೆಗೆ ದಿನಾ ಸಂಜೆ ಕೂತು ಆ ವಿವರವನ್ನು ಎಕ್ಸೆಲ್‌ಗೆ ಇಳಿಸಿ ಕಳಿಸುತ್ತಿದ್ದವರು ಗೋಡೌನಿನ ಸಿಸ್ಟಮ್ಸ್ ಅಧಿಕಾರಿ. ಕೊಪ್ಪಳದ ಕಡೆಯವರು. ನಾನು ಮೊದಲ ಸಲ ವಿಜಯವಾಡಕ್ಕೆ ಹೋದಾಗ, ಆ ಸುಡುಬಿಸಿಲಿನಲ್ಲಿ ಗೇಟಿನ ತನಕ ಬಂದು, ನನ್ನ ತೆಲುಗನ್ನು ಎರಡು ಮಾತು ಕೇಳಿ ನಕ್ಕುಬಿಟ್ಟರು.

"ಕನ್ನಡದೋರೇನ್ರಿ?"

"ಹೂಂ ಸಾರ್, ಹಾಸನ."

"ಸಾರ್ ಗೀರ್ ಬ್ಯಾಡವ್ವ, ಅಣ್ಣ ಅನ್ನು. ದಿನಾ ತೆಲುಗು ಮರ್ಯಾದಿಲೆ ಗಾರು, ಅಂಡಿ ಅನ್ನಿಸ್ಕೊಂಡು ಕಿವಿ ಜಡ್ಡುಗಟ್ಯಾವ."

ಅಂದಿನಿಂದ ಅವರು ನನಗೆ ಅಣ್ಣ. ಅವರ ಹೆಂಡತಿ ಅನಕಾಪಲ್ಲಿಯವರು, ವಿಶಾಖಪಟ್ಟಣದ ಆಸ್ಪತ್ರೆಯೊಂದರಲ್ಲಿ ನರ್ಸ್. ಮಗಳು ಅಮ್ಮನ ಜೊತೆ ಅಲ್ಲೇ ಶಾಲೆಗೆ ಹೋಗುತ್ತಿದ್ದಳು. ಅಣ್ಣ ಶನಿವಾರ ರೈಲು ಹತ್ತಿ ಹೋಗಿ ಭಾನುವಾರ ಮಗಳನ್ನು ಭೀಮುನಿಪಟ್ಟಣದ ಸಮುದ್ರಕ್ಕೆ ಕರೆದುಕೊಂಡು ಹೋಗುವುದು, ದಾರಿಯುದ್ದಕ್ಕೂ ಕನ್ನಡ ಮಾತಾಡಿಸುವುದು, ಮತ್ತೆ ರೈಲು ಹತ್ತುವುದು.

"ನಮ್ಮ ಮನ್ಯಾಗ ಕನ್ನಡ ಅಂದ್ರ ನಾನೊಬ್ಬನ ನೋಡವ್ವ. ಐತವಾರ ಕಲಿಸಿದ್ದು ಶನಿವಾರದೊಳಗ ಮರತಿರ್ತಾಳ. ಮೊನ್ನೆ ನಮ್ಮವ್ವ ಊರಿಂದ ಫೋನ್ ಮಾಡಿದ್ರ, ಅಜ್ಜಿ ಏನನ್ನಾಕತ್ತಾಳ ಅಂತ ಅವರಮ್ಮನ್ನ ಕೇಳಿದ್ಲಂತ. ತೆಲುಗಿನ್ಯಾಗ." ಹೇಳುತ್ತಾ ಅವರು ನಕ್ಕರು. ನಗು ಪೂರ್ತಿ ಬರಲಿಲ್ಲ.

ಮಾಲೀಕರು ಒಂದು ಮಾತು ಕೊಟ್ಟಿದ್ದರು. ಸಂಕ್ರಾಂತಿಯ ತನಕ ಸ್ಟಾಕಿನ ವಿವರ ಒಂದು ಸಂಜೆಯೂ ತಪ್ಪದೆ ತಾನಾಗಿ ಬಂದರೆ, ಹೆಡ್ ಆಫೀಸಿನಲ್ಲಿ ಖಾಲಿಯಿದ್ದ ಕುರ್ಚಿಗೆ ವಿಜಯವಾಡದಿಂದ ಒಬ್ಬರನ್ನು ವರ್ಗ ಮಾಡಿಸಿಕೊಳ್ಳುತ್ತೇನೆ ಎಂದು. ಆ ಒಬ್ಬರು ಯಾರೆಂದು ಎಲ್ಲರಿಗೂ ಗೊತ್ತಿತ್ತು. ನಾನಂತೂ ಅಣ್ಣನನ್ನು ಮನೆಗೆ ಸೇರಿಸಿಯೇ ಸೇರಿಸುತ್ತೇನೆ ಎಂದು ಪಣ ತೊಟ್ಟವಳಂತೆ ಕೆಲಸಕ್ಕೆ ಕೂತೆ.

ಕೆಲಸ ಇಷ್ಟೇ. ನಮ್ಮ ಆಟೊಮೇಷನ್ ಇರುವುದು ಕ್ಲೌಡ್‌ನಲ್ಲಿ, ಅಂದರೆ ಎಲ್ಲೋ ಹೊರಗೆ. ಸರ್ವರ್ ಇರುವುದು ಗೋಡೌನಿನ ಒಳಗೆ, ಹೊರಗಿನವರಿಗೆ ಪ್ರವೇಶವಿಲ್ಲ. ಹಾಗಾಗಿ ಗೋಡೌನಿನದೇ ಒಂದು ಕಂಪ್ಯೂಟರಿನಲ್ಲಿ ಗೇಟ್‌ವೇ ಎಂಬ ಪ್ರೋಗ್ರಾಂ ಕೂರಿಸುತ್ತೇವೆ. ಹೊರಗಿನಿಂದ ಬಂದ ಕೋರಿಕೆಯನ್ನು ಅದು ಒಳಗೆ ಒಯ್ದು ಸರ್ವರ್‌ಗೆ ಕೊಟ್ಟು, ಉತ್ತರ ತಂದುಕೊಡುತ್ತದೆ. ಸರ್ವರ್ ಪ್ರತಿ ಸಲವೂ ಹೆಸರು, ಪಾಸ್‌ವರ್ಡ್ ಕೇಳುತ್ತದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಮಾಲೀಕರು ಒಪ್ಪಿದರೂ ಸರ್ವರ್ ಒಪ್ಪಲಿಲ್ಲ. ಏನು ಕೇಳಿದರೂ ನಾನೂರ ಒಂದು ಎಂಬ ಉತ್ತರ. ನಮ್ಮವರ ಭಾಷೆಯಲ್ಲಿ ಅದಕ್ಕೆ, ನೀನು ಯಾರೋ ನನಗೆ ಗೊತ್ತಿಲ್ಲ ಎಂದು ಅರ್ಥ.

ಅಣ್ಣನ ಹೆಸರು, ಪಾಸ್‌ವರ್ಡನ್ನೇ ಕೊಡಬಹುದಿತ್ತು. ಆದರೆ ಆ ಸರ್ವರ್ ಬಾಗಿಲು ತೆಗೆಯುತ್ತಿದ್ದದ್ದು ವಿಜಯವಾಡದಲ್ಲಿ ಪೋಸ್ಟಿಂಗ್ ಇದ್ದವರಿಗೆ ಮಾತ್ರ. ಅಣ್ಣ ವರ್ಗವಾದ ದಿನವೇ ವಿವರ ಬರುವುದು ನಿಲ್ಲುತ್ತಿತ್ತು. ಗೇಟ್‌ವೇಗೆ ತನ್ನದೇ ಒಂದು ಅಕೌಂಟ್ ಬೇಕಾಗಿತ್ತು. ಅದನ್ನು ಕೇಳಲು ಹೆಡ್ ಆಫೀಸಿನ ಎಚ್‌ಆರ್ ಮೇಡಂ ಹತ್ತಿರ ಹೋದೆ. ಮಾತೆಲ್ಲ ತೆಲುಗಿನಲ್ಲಿ ನಡೆಯಿತು.

"ಎಂಪ್ಲಾಯಿ ನಂಬರ್ ಎಷ್ಟಮ್ಮಾ?"

"ಅದು ಮನುಷ್ಯ ಅಲ್ಲ ಮೇಡಂ, ಪ್ರೋಗ್ರಾಂ."

"ಇರಲಿ, ಪಾಪ. ನಂಬರ್ ಎಷ್ಟು?"

ನೌಕರರಲ್ಲದವರಿಗೆ ಅಕೌಂಟ್ ಕೊಡಲು ಅವರ ಸಾಫ್ಟ್‌ವೇರಿನಲ್ಲಿ ದಾರಿಯೇ ಇರಲಿಲ್ಲ. ನೌಕರನನ್ನು ಸೇರಿಸಿಕೊಳ್ಳಲು ಮಾತ್ರ ದಾರಿ ಹೆದ್ದಾರಿಯಷ್ಟು ಅಗಲ. ಸರಿ, ವಿಜಯವಾಡದ ಪೋಸ್ಟಿಂಗ್ ಹಾಕಿ ಸೇರಿಸಿದೆವು. ಗಂಡೋ ಹೆಣ್ಣೋ ಎಂದು ಕೇಳಿತು, ಗಂಡು ಎಂದೆವು. ರಕ್ತದ ಗುಂಪು ಕೇಳಿತು, ನನ್ನದನ್ನೇ ಕೊಟ್ಟೆ. ಮಾತೃಭಾಷೆ ಕೇಳಿದಾಗ ಅಣ್ಣ ಫೋನಿನಲ್ಲೇ ಕೂಗಿದರು, "ಕನ್ನಡ ಹಾಕವ್ವ, ಒಬ್ಬನಾರ ಹೆಚ್ಚಾಗ್ಲಿ." ಸಂಬಳದ ಜಾಗದಲ್ಲಿ ಸೊನ್ನೆ ಹಾಕಿದರು ಮೇಡಂ. ಯಾಕೆ ಎಂದು ಸಾಫ್ಟ್‌ವೇರ್ ಕೇಳಲಿಲ್ಲ. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತೆ, ಒಂದು ಪಾಸ್‌ವರ್ಡ್ ಮಾಡಲು ಹೋಗಿ ನಾವು ಒಬ್ಬ ನೌಕರನನ್ನು ಮಾಡಿದ್ದೆವು. ಅಂದು ಸಂಜೆ ಸ್ಟಾಕಿನ ವಿವರ ತಾನಾಗಿ ಬಂತು. ನಾನು ಆಫೀಸಿನವರಿಗೆಲ್ಲ ಪುನುಗುಲು ಎಂಬ ಇಲ್ಲಿಯ ಬೋಂಡ ತರಿಸಿದೆ.

ಕೆಲವೇ ದಿನಗಳಲ್ಲಿ ವಿವರ ನಿಂತೇ ಹೋಗುವುದರಲ್ಲಿತ್ತು. ಹಾಜರಿ ಹಾಕದ ನೌಕರನ ಅಕೌಂಟಿಗೆ ಆ ಸಾಫ್ಟ್‌ವೇರ್ ತಾನಾಗಿಯೇ ಬೀಗ ಹಾಕುತ್ತದಂತೆ. ಎಚ್ಚರಿಕೆಯ ಮೇಲ್ ಬಂತು. ಹಾಜರಿ ಎಂದರೆ ಗೋಡೆಯ ಮೇಲಿನ ಯಂತ್ರಕ್ಕೆ ಬೆರಳು ಒತ್ತುವುದು. ಪ್ರೋಗ್ರಾಮಿಗೆ ಬೆರಳು ಎಲ್ಲಿಂದ ತರುವುದು? ನಾನು ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ಅಣ್ಣನ ಫೋನು.

"ನನಗ ಹತ್ತು ಬೆರಳು ಅದಾವಲ್ಲವ್ವ. ಬಲಗೈ ಹೆಬ್ಬೆಟ್ಟು ನಂದು. ಎಡಗೈದು ಅವಂಗ ಕೊಟ್ಟೀನಿ."

ಅಲ್ಲಿಂದ ಮುಂದೆ ದಿನಾ ಬೆಳಗ್ಗೆ ಅಣ್ಣ ಎರಡು ಸಲ ಹಾಜರಿ ಹಾಕಿದರು. ಗೇಟ್‌ವೇಯವನ ಹಾಜರಿ ತಪ್ಪಿದರೆ ವರ್ಗವೂ ತಪ್ಪುತ್ತದೆ ಎಂಬ ಭಯಕ್ಕೆ ಎಡಗೈಯನ್ನೇ ಮೊದಲು ಒತ್ತುತ್ತಿದ್ದರು. ಅಷ್ಟರಲ್ಲಿ ಹೊತ್ತು ಮೀರಿ ಬಲಗೈಯ ಪಾಲಿಗೆ ಆಗಾಗ ಲೇಟ್ ಮಾರ್ಕ್ ಬೀಳುತ್ತಿತ್ತು.

ಗೋಡೌನಿನವರು ಅವನನ್ನು ಗೇಟ್‌ವೇ ಗಾರು ಎಂದು ಕರೆಯತೊಡಗಿದರು. ಆಂಧ್ರದ ಜನಕ್ಕೆ ಮರ್ಯಾದೆ ಕೊಡುವುದರಲ್ಲಿ ಜಿಪುಣತನವಿಲ್ಲ. ದೀಪಾವಳಿಗೆ ಹೆಡ್ ಆಫೀಸಿನಿಂದ ಅವನ ಹೆಸರಿಗೂ ಸ್ವೀಟ್ ಬಾಕ್ಸ್ ಬಂತು. ಅವನ ಹುಟ್ಟುಹಬ್ಬ ಎಂದು ನಾವು ಯಾವುದೋ ತಾರೀಖು ತುಂಬಿದ್ದೆವಲ್ಲ, ಆ ದಿನ ಗೋಡೌನಿನಲ್ಲಿ ಕೇಕ್ ಕತ್ತರಿಸಿ, ಮೊದಲ ತುಂಡನ್ನು ಕಂಪ್ಯೂಟರಿನ ಮುಂದಿಟ್ಟರಂತೆ. ಮಾಲೀಕರು ವಾಟ್ಸ್‌ಆ್ಯಪ್ ಗುಂಪಿನಲ್ಲಿ, ಇವರನ್ನು ನೋಡಿ ಉಳಿದವರು ಕಲಿಯಬೇಕು ಎಂದು ಬರೆದರು. ಅವರು ತಮಾಷೆ ಮಾಡಿದರೋ, ನಿಜಕ್ಕೂ ನಂಬಿದ್ದರೋ ತಿಳಿಯಲಿಲ್ಲ. ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಡಿಸೆಂಬರಿನಲ್ಲಿ ಮಗಳಿಗೆ ಜ್ವರ ಬಂತು. ಅಣ್ಣ ರಜೆ ಹಾಕಿ ವಿಶಾಖಪಟ್ಟಣಕ್ಕೆ ಬಂದರು. ಎರಡೂ ಊರಿನ ಹಾಜರಿ ಯಂತ್ರಗಳು ಒಂದೇ ಸಾಫ್ಟ್‌ವೇರಿಗೆ ಸೇರಿದ್ದವು, ಅದು ನಮ್ಮ ಪುಣ್ಯ. ಅಣ್ಣ ಬೆಳಗ್ಗೆ ಎದ್ದು, ಮಗಳ ಹಣೆಯ ಮೇಲೆ ಒದ್ದೆ ಬಟ್ಟೆ ಹಾಕಿ, ಸ್ಕೂಟರಿನಲ್ಲಿ ಹೆಡ್ ಆಫೀಸಿಗೆ ಬಂದು ಎಡಗೈ ಒತ್ತಿ ಹೋಗುತ್ತಿದ್ದರು. ಬಲಗೈ ಒತ್ತುವಂತಿರಲಿಲ್ಲ, ಅದು ರಜೆಯ ಮೇಲಿತ್ತು.

ಸಂಕ್ರಾಂತಿ ಬಂತು. ಅದುವರೆಗೆ ಒಂದು ಸಂಜೆಯೂ ವಿವರ ತಪ್ಪಿರಲಿಲ್ಲ. ಹಬ್ಬ ಮುಗಿದ ಮೇಲೆ ವರ್ಗದ ಆರ್ಡರ್ ಹೊರಬಿತ್ತು. ವಿಜಯವಾಡದ ಸಿಬ್ಬಂದಿಯಲ್ಲಿ ಒಂದು ರಜೆಯನ್ನೂ ಹಾಕದ, ಒಂದು ದಿನವೂ ತಡವಾಗದ, ಯಾವ ದೂರೂ ಇಲ್ಲದ, ಸಂಬಳ ಹೆಚ್ಚಿಸಿ ಎಂದು ಎಂದೂ ಕೇಳದ ನೌಕರನನ್ನು ಸಾಫ್ಟ್‌ವೇರ್ ಆರಿಸಿಕೊಟ್ಟಿತ್ತು. ಮಾಲೀಕರು ಸಹಿ ಹಾಕಿದ್ದರು. ವಿಶಾಖಪಟ್ಟಣದ ಕುರ್ಚಿ ಗೇಟ್‌ವೇ ಗಾರುವಿಗೆ ಸಿಕ್ಕಿತ್ತು.

ಅಷ್ಟಕ್ಕೇ ನಿಲ್ಲಲಿಲ್ಲ. ಅವನ ಪೋಸ್ಟಿಂಗ್ ಬದಲಾಯಿತು ನೋಡಿ, ಅಂದು ಸಂಜೆಯೇ ವಿಜಯವಾಡದ ಸರ್ವರ್ ಅವನ ಮುಖಕ್ಕೆ ಬಾಗಿಲು ಹಾಕಿತು. ಈ ಸಲ ನಾನೂರ ಮೂರು. ನೀನು ಯಾರೆಂದು ಚೆನ್ನಾಗಿ ಗೊತ್ತು, ಆದರೂ ಒಳಗೆ ಬಿಡುವುದಿಲ್ಲ ಎಂದು ಅದರ ಅರ್ಥ. ಸ್ಟಾಕಿನ ವಿವರ ನಿಂತಿತು. ಅಣ್ಣ ಮತ್ತೆ ಎಕ್ಸೆಲ್ ತೆರೆದುಕೊಂಡು ಕೂತರು. ಮೇಲಿಂದ ಫೋನು, ನೀವಿನ್ನು ವಿಜಯವಾಡ ಬಿಟ್ಟು ಅಲುಗಬೇಡಿ ಎಂದು.

ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ಕೋಪ ಮಾಡಿಕೊಳ್ಳಲು ಎದುರಿಗೆ ಒಬ್ಬ ಮನುಷ್ಯನಾದರೂ ಬೇಕಲ್ಲ, ಅದೂ ಇರಲಿಲ್ಲ. ಅಣ್ಣನಿಗೆ ಫೋನ್ ಮಾಡಿದೆ.

"ಬಿಡವ್ವ," ಅಂದರು. "ನನ್ನ ಎಡಗೈನ ನನ್ನ ಕುರ್ಚಿ ಕಸಗೊಂಡ್ತು. ಯಾರ ಮ್ಯಾಲ ಸಿಟ್ಟಾಗ್ಲಿ? ಮಗಳಿಗೆ ಹಬ್ಬ ಆದಮ್ಯಾಲ ಬರ್ತೀನಿ ಅಂತ ಹೇಳಿಬಿಟ್ಟಿದ್ದೆ." ನಾನು ಸೋಮವಾರ ಹೆಡ್ ಆಫೀಸಿಗೆ ಬರಲು ಹೇಳಿ ಫೋನಿಟ್ಟೆ.

ಸೋಮವಾರ ಬೆಳಗ್ಗೆ ಎಚ್‌ಆರ್ ಮೇಡಂ ಎದುರಿಗೆ ನಾವಿಬ್ಬರೂ ನಿಂತೆವು. ಆರ್ಡರ್ ರದ್ದು ಮಾಡಿ ಎಂದು ನಾನು ಕೇಳಿದೆ.

"ಸಹಿ ಆಗಿದೆಯಲ್ಲಮ್ಮಾ. ಅವರು ಈ ವಾರ ಜಾಯಿನ್ ಆಗದಿದ್ದರೆ ನಾನು ಮೆಮೊ ಕಳಿಸಬೇಕಾಗುತ್ತದೆ."

"ಯಾರಿಗೆ ಮೇಡಂ ಮೆಮೊ?"

"ಅವರಿಗೇ."

"ಅವರು ಇಲ್ಲವೇ ಇಲ್ಲ ಮೇಡಂ! ನೀವೇ ತಾನೇ ಸಂಬಳ ಸೊನ್ನೆ ಅಂತ ಹಾಕಿದ್ದು?"

"ಸಂಬಳ ಇಲ್ಲದಿದ್ದರೆ ಏನಂತೆ, ಹಾಜರಿ ಇದೆಯಲ್ಲ."

ಎತ್ತು ಈಯಿತು ಎಂದರೆ ಕರುವನ್ನು ಕೊಟ್ಟಿಗೆಗೆ ಕಟ್ಟು ಎನ್ನುವವರ ಜೊತೆ ಎಷ್ಟು ಹೊತ್ತು ವಾದ ಮಾಡುವುದು? ಆದರೂ ನಾನು ಬಿಡುವವಳಲ್ಲ, ಏನೋ ಹೇಳಲು ಬಾಯಿ ತೆಗೆದೆ. ಅಷ್ಟರಲ್ಲಿ, ಪಕ್ಕದಲ್ಲಿದ್ದ ಅಣ್ಣ ನಡೆದುಹೋಗಿ ಗೋಡೆಯ ಯಂತ್ರಕ್ಕೆ ಎಡಗೈ ಹೆಬ್ಬೆರಳು ಒತ್ತಿದರು. ಯಂತ್ರ ಥ್ಯಾಂಕ್ ಯೂ ಎಂದಿತು. ಪರದೆಯ ಮೇಲೆ ಗೇಟ್‌ವೇ ಗಾರುವಿನ ಹೆಸರು ಬಂತು.

ಮೇಡಂ ಪರದೆ ನೋಡಿದರು. ಅಣ್ಣನ ಮುಖ ನೋಡಿದರು. ಎಷ್ಟೋ ವರ್ಷಗಳಿಂದ ನೋಡುತ್ತಿದ್ದ ಮುಖ ಅದು.

"ವಚ್ಚಾರಾ ಅಂಡಿ! ಮುಂದೇ ಚೆಪ್ಪಾಲಿ ಕದಾ!" ಬಂದಿರಾ, ಮೊದಲೇ ಹೇಳಬಾರದಿತ್ತೇ ಎಂದು ಎದ್ದುನಿಂತು, ಜಾಯಿನಿಂಗ್ ಕಾಗದಕ್ಕೆ ಠಸ್ಸೆ ಒತ್ತಿ, ಕಿಟಕಿಯ ಪಕ್ಕದ ಕುರ್ಚಿ ತೋರಿಸಿದರು. ಆಕೆಗೆ ತಿಳಿಯಲಿಲ್ಲವೋ, ಎಲ್ಲ ತಿಳಿದೇ ಹಾಗೆ ಮಾಡಿದರೋ, ನಾನು ಇವತ್ತಿಗೂ ಹೇಳಲಾರೆ. ಒಂದು ಸಲ ಮಾತ್ರ ಅವರ ತುಟಿಯಂಚು ಅಲುಗಿದ್ದನ್ನು ಕಂಡೆ.

ಅಣ್ಣ ಆ ಕುರ್ಚಿಯಲ್ಲಿ ಕೂತರು. ನಾನು ಅಲ್ಲೇ ಪಕ್ಕದ ಮೇಜಿನಲ್ಲಿ ಲ್ಯಾಪ್‌ಟಾಪ್ ತೆರೆದು, ಗೇಟ್‌ವೇ ಪ್ರೋಗ್ರಾಮಿನಲ್ಲಿ ಗೇಟ್‌ವೇ ಗಾರುವಿನ ಹೆಸರು ತೆಗೆದು ಅಣ್ಣನ ಹೆಸರು ಹಾಕಿದೆ. ಪಾಸ್‌ವರ್ಡನ್ನು ಅವರೇ ಬಂದು ಟೈಪ್ ಮಾಡಿದರು. ದಾಖಲೆಯ ಪ್ರಕಾರ ಅಣ್ಣ ಈಗಲೂ ವಿಜಯವಾಡದಲ್ಲೇ ಇದ್ದರಲ್ಲ, ಸರ್ವರ್ ಒಂದು ಮಾತೂ ಆಡದೆ ಬಾಗಿಲು ತೆಗೆಯಿತು. ಸಂಜೆ ವಿವರ ಬಂತು. ಮಾಲೀಕರಿಗೆ ಬೇಕಾಗಿದ್ದದ್ದೂ ಅಷ್ಟೇ.

ಅಂದಿನಿಂದ ವ್ಯವಸ್ಥೆ ಹೀಗೇ ನಡೆದಿದೆ. ವಿಜಯವಾಡದಲ್ಲಿ ಅಣ್ಣನ ಹೆಸರಿನಲ್ಲಿ ಪ್ರೋಗ್ರಾಂ ದುಡಿಯುತ್ತದೆ, ವಿಶಾಖಪಟ್ಟಣದಲ್ಲಿ ಪ್ರೋಗ್ರಾಮಿನ ಹೆಸರಿನಲ್ಲಿ ಅಣ್ಣ ದುಡಿಯುತ್ತಾರೆ. ಸಂಬಳ ಬಲಗೈಗೆ, ಕುರ್ಚಿ ಎಡಗೈಗೆ. ಎರಡು ಹೆಬ್ಬೆರಳನ್ನೂ ಒಂದೇ ಗೋಡೆಯ ಯಂತ್ರಕ್ಕೆ ಒತ್ತುತ್ತಾರೆ. ಊರು ಯಾವುದೆಂದು ಹೇಳುವ ಕಾಲಮ್ಮನ್ನು ಯಾರೂ ಓದುವುದಿಲ್ಲ. ಹೆಡ್ ಆಫೀಸಿನ ಹೊಸ ಹುಡುಗಿಯರು ಅಣ್ಣನನ್ನು ಗೇಟ್‌ವೇ ಗಾರು ಎಂದೇ ಕರೆಯುತ್ತಾರೆ. ಅದು ಅವರ ಮನೆತನದ ಹೆಸರು ಎಂದುಕೊಂಡಿದ್ದಾರೆ.

ಯುಗಾದಿಗೆ ಅಣ್ಣ ನನ್ನನ್ನು ಊಟಕ್ಕೆ ಕರೆದರು. ಅತ್ತಿಗೆ ಮಾಡಿದ ಪುಲಿಹೋರವನ್ನು, ಅಂದರೆ ನಮ್ಮ ಪುಳಿಯೋಗರೆಯನ್ನು, ಹೊಟ್ಟೆತುಂಬ ತಿಂದು, ಬಾಲ್ಕನಿಯಲ್ಲಿ ಮಗಳ ಪಕ್ಕ ಕೂತೆ. ತೆಲುಗಿನಲ್ಲೇ ಮಾತಾಡಿಸೋಣ ಎಂದುಕೊಂಡವಳು, ಯಾಕೋ ಕನ್ನಡದಲ್ಲೇ ಕೇಳಿದೆ.

"ನಿಮ್ಮಪ್ಪ ಎಲ್ಲಿ ಕೆಲಸ ಮಾಡೋದು ಪುಟ್ಟಾ?"

ಅವಳು ತಡವರಿಸಲಿಲ್ಲ. ಅಮ್ಮನ ಕಡೆಯೂ ನೋಡಲಿಲ್ಲ.

"ನಮ್ಮಪ್ಪ ಕೆಲಸ ಮಾಡೋದು ವಿಜಯವಾಡದಾಗ್ರಿ," ಅಂದಳು. "ಆದ್ರ ದಿನಾ ಮನ್ಯಾಗ ಇರ್ತಾನ."