ಅಂತೆ ಎಂಬ ಎರಡಕ್ಷರ

ನಾನು ನಿಂತಿದ್ದು ಬೋರ್ಡಿನ ಎಡಕ್ಕೆ, ಬಾಗಿಲಿನಿಂದ ಮೂರು ಹೆಜ್ಜೆ ದೂರ. ಲಕ್ಷ್ಮೇಶ್ವರದ ಹೆಣ್ಣುಮಕ್ಕಳ ಶಾಲೆ, ಏಳನೇ ಇಯತ್ತೆ. ಎಪ್ಪತ್ತರ ದಶಕದ ಕೊನೆ, ಶ್ರಾವಣದ ಒಂದು ಮಂಗಳವಾರ, ಮಧ್ಯಾಹ್ನ ಎರಡೂ ಹತ್ತು. (ಗಡಿಯಾರ ಎದುರಿಗೇ ಇತ್ತು. ಆಮೇಲೂ ಅದನ್ನೇ ನೋಡುತ್ತಿದ್ದೆ.)

ಪಾಠ, ಪರದೇಶದ ಒಂದು ಹಳೆಯ ಕಿನ್ನರಕಥೆ. ಶಾಪಕ್ಕೆ ಸಿಕ್ಕ ರಾಜಕುಮಾರಿ ನಿದ್ದೆ ಹೋಗುತ್ತಾಳೆ. 'ಸತ್ತವಳಂತೆ ಮಲಗಿದ್ದಳು' ಎಂದು ಬರೆದು, 'ಅಂತೆ'ಯ ಕೆಳಗೆ ಗೆರೆ ಎಳೆದೆ.

"ಅಂತೆ ಬಂತಂದ್ರ ಉಪಮಾ. ಖರೆ ಅಲ್ಲ, ಬರೇ ಹೋಲಿಕಿ. ಆಕಿ ಸತ್ತಿಲ್ಲ. ತಿಳೀತೇನ್ರವ್ವಾ?"

"ಗಂಗವ್ವ ಗಂಟಿ ಬಾರಿಸಿದ್ರೂ ಏಳೂದಿಲ್ಲೇನ್ರಿ ಸರ್?" ಹಿಂದಿನ ಸಾಲಿನಿಂದ ಒಬ್ಬಳು ಕೇಳಿದಳು.

"ರಾಜಕುಮಾರಿನೂ ನಿನ್ನ ಹಂಗ, ಗಂಟಿಗೆ ಏಳಾಕಿ ಅಲ್ಲ," ಅಂದೆ. ಎಲ್ಲರೂ ನಕ್ಕರು. ಮುಂದಿನ ಸಾಲಿನ ಹಸೀನಾ ಎಲ್ಲರಿಗಿಂತ ಜೋರಾಗಿ.

ನಗು ನಿಲ್ಲುವ ಮೊದಲೇ ಶಾಲೆಯ ಸಿಪಾಯಿ ಗಂಗವ್ವ ಬಾಗಿಲಲ್ಲಿ ನಿಂತಿದ್ದಳು. ಹಿಂದೆ ಹಸೀನಾಳ ಸೋದರಮಾವ, ಬಳೆಗಾರ ಇಮಾಮಸಾಬ. ಹಸೀನಾಳ ತಾಯಿ ಹೆರಿಗೆಗೆಂದು ಗದಗಿನ ಆಸ್ಪತ್ರೆ ಸೇರಿ ಎರಡು ದಿನವಾಗಿತ್ತು.

ಆತ ನನ್ನ ಕಿವಿಯಲ್ಲಿ ಹೇಳಬಹುದಿತ್ತು. ದನಿ ಹಿಡಿತದಲ್ಲಿರಲಿಲ್ಲ.

"ಸರ್, ಹುಡುಗೀನ್ನ ಕಳಸ್ರಿ. ಗದಗಿನ ಬಸ್ಸಿನ್ಯಾಗ ಬಂದಾವ ಹೇಳಿದ. ನಮ್ಮಕ್ಕ ತೀರಿಕೊಂಡ್ಳಂತ."

ಹೋಲಿಕೆಗೂ ಅಂತೆ, ಕೇಳಿದ ಸುದ್ದಿಗೂ ಅಂತೆ. (ನಮ್ಮ ಕಡೆ ಬಾಯಲ್ಲಿ ಅದು 'ಅಂತ'.) ಎರಡೂ ಬೇರೆ ಎಂದು ನಾನು ಹೇಳಿಕೊಟ್ಟಿರಲಿಲ್ಲ. ಯಾರು ಹೇಳಿಕೊಡುತ್ತಾರೆ? ಪರೀಕ್ಷೆಯಲ್ಲಿ ಅದಕ್ಕೆ ಮಾರ್ಕ್ಸ್ ಇಲ್ಲ.

ಹಸೀನಾ ಎದ್ದು ನಿಂತಳು. ಅಳಲಿಲ್ಲ. ಬೋರ್ಡು ನೋಡಿದಳು. ನನ್ನನ್ನು ನೋಡಿದಳು.

"ಸರ್, ಮಾಮಾ 'ಅಂತ' ಅಂದ್ರಲ್ರಿ. ಅದು ಉಪಮಾ ಅಲ್ರಿ? ಖರೆ ಅಲ್ಲಲ್ರಿ?"

ಇಡೀ ವರ್ಗ ನನ್ನ ಬಾಯಿ ನೋಡುತ್ತಿತ್ತು. ಇಮಾಮಸಾಬ ನೆಲ ನೋಡುತ್ತಿದ್ದ. ನಾನು ಏನು ಹೇಳಬೇಕಿತ್ತು?

"ಹೌದವ್ವಾ," ಅಂದೆ. "ಉಪಮಾ."

"ಹಂಗಾರ ನಮ್ಮಮ್ಮ ಏಳ್ತಾಳ," ಎಂದು ಪಕ್ಕದವಳಿಗೆ ಹೇಳಿ ಪಾಟಿಚೀಲ ಹೆಗಲಿಗೇರಿಸಿದಳು. ಮಾವನ ಕೈ ಹಿಡಿದಳು. "ಅಳಬ್ಯಾಡ್ರಿ ಮಾಮಾ, ಸರ್ ಹೇಳ್ಯಾರಲ್ಲ," ಎನ್ನುತ್ತ ಆತನನ್ನೇ ಕರೆದುಕೊಂಡು ಹೋದಳು.

ಗದಗಿಗೆ ಒಂದೂವರೆ ತಾಸಿನ ದಾರಿ. ಅಷ್ಟು ಹೊತ್ತು ಆಕೆ ನನ್ನನ್ನು ನಂಬಿದ್ದಳು.

ಆಮೇಲೆ ಶಾಲೆಗೆ ಬರಲಿಲ್ಲ. ಅಜ್ಜಿ ಮುಂಡರಗಿಗೆ ಕರೆದೊಯ್ದರು. ನಾನು ಹೋಗಿ ಒಂದು ಮಾತು ಹೇಳಬಹುದಿತ್ತು. ಬಸ್ಸಿತ್ತು. ಹೋಗಲಿಲ್ಲ. ಹೋಗಿ ಯಾವ ವ್ಯಾಕರಣ ಹೇಳಲಿ?

ಕಳೆದ ವಾರ ಮತ್ತೆ ಅದೇ ಪಾಠ ಬಂತು. ಹತ್ತು ವರ್ಷವಾದರೂ ಪುಸ್ತಕದಲ್ಲಿ ಅದೇ ವಾಕ್ಯ. ಬೋರ್ಡಿನ ಮೇಲೆ 'ಸತ್ತವಳ' ಎಂಬಲ್ಲಿಗೆ ಕೈ ನಿಂತಿತು. ಮುಂದಿನ 'ಅಂತೆ' ಬರೆಯಲಾಗಲಿಲ್ಲ. ಮಕ್ಕಳು ಕಾದರು. ಗಂಟೆ ಹೊಡೆಯಿತು.

ಅಂದು ನನ್ನನ್ನು ಕಂಡ ದೊಡ್ಡವರಲ್ಲಿ ಇಮಾಮಸಾಬ ಈಗಿಲ್ಲ. ಗಂಗವ್ವ ಇದ್ದಾಳೆ, ಆ ಮಾತು ಎತ್ತುವುದಿಲ್ಲ. ಹಸೀನಾ ಮುಂಡರಗಿಯಲ್ಲೇ ಸುಖವಾಗಿದ್ದಾಳಂತೆ.