ಡಬ್ಬದಲ್ಲಿ ಕೂತು ಅಬ್ಬಿಗೆರೆಗೆ ಹೋದ ಗಣಪ

ಆಷಾಢದ ಗಾಳಿಗೆ ಕೊಡೆ ಹಿಡಿಯಲಾಗದಂಥ ಒಂದು ಬೆಳಿಗ್ಗೆ ಕೋಗಿಲಿನ ಮನೆಯಿಂದ ಹೊರಟೆ. ಬಗಲಲ್ಲಿ ಮಡಚಿದ ರಟ್ಟಿನ ಡಬ್ಬ, ಚೀಲದಲ್ಲಿ ನೀರಿನ ಬಾಟಲಿ ಮತ್ತು ಆಧಾರ್ ಕಾರ್ಡು. ದೂರದ ಊರಿಗೇನೂ ಅಲ್ಲ. ಮೊದಲು ರಾಜಾನುಕುಂಟೆಗೆ, ಅಲ್ಲಿಂದ ಯಲಹಂಕದ ಮೇಲೆ ಅಬ್ಬಿಗೆರೆಗೆ, ಸಂಜೆಯೊಳಗೆ ವಾಪಸ್ಸು. ಬೆಂಗಳೂರಿನ ಉತ್ತರದ ಮೂಲೆಯಲ್ಲೇ ಒಂದು ಸುತ್ತು. ಆದರೂ ಇದನ್ನು ಪ್ರವಾಸ ಎಂದೇ ಕರೆಯುತ್ತೇನೆ. ಊಟಿಗೆ ಹೋದಾಗಲೂ ನನಗೆ ಇಷ್ಟು ಜೀವ ಕೈಯಲ್ಲಿ ಹಿಡಿದುಕೊಂಡು ಓಡಾಡಿ ಗೊತ್ತಿಲ್ಲ.

ನನ್ನ ಕೆಲಸ ಡಬ್ಬ ಬರೆಯುವುದು. ಸೋಪು, ಸಾಂಬಾರ್ ಪುಡಿ, ಕೆಮ್ಮಿನ ಔಷಧಿ, ಇವೆಲ್ಲ ಕೂರುವ ಮಡಚುವ ರಟ್ಟಿನ ಪೆಟ್ಟಿಗೆಗಳಿಗೆ ಕಂಪ್ಯೂಟರಿನಲ್ಲಿ ನಕ್ಷೆ ಹಾಕಿಕೊಡುತ್ತೇನೆ. ಎಲ್ಲಿ ಕತ್ತರಿಸಬೇಕು, ಎಲ್ಲಿ ಮಡಿಕೆ ಬೀಳಬೇಕು, ಯಾವ ಕಿವಿ ಯಾವ ಸೀಳಿನಲ್ಲಿ ಸಿಕ್ಕಿಕೊಳ್ಳಬೇಕು ಎಂಬುದೇ ನನ್ನ ವಿದ್ಯೆ. ಮೊದಲೆಲ್ಲ ಒಂದು ಡಬ್ಬಕ್ಕೆ ಅಚ್ಚು ಮಾಡಿಸಬೇಕಿತ್ತು. ಸಾವಿರಗಟ್ಟಲೆ ಹೊಡೆಸದಿದ್ದರೆ ಪ್ರೆಸ್ಸಿನವರು ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಈಗ ಒಂದೇ ಒಂದು ಬೇಕೆಂದರೂ ಸರಿ, ಅಳತೆ ಕೊಟ್ಟರೆ ಒಂದು ಯಂತ್ರ ಮುದ್ರಿಸುತ್ತದೆ, ಇನ್ನೊಂದು ಬ್ಲೇಡಿನಿಂದ ಕತ್ತರಿಸಿ ಕೊಡುತ್ತದೆ.

ರಾಜಾನುಕುಂಟೆಯ ತಾಯಮ್ಮನಿಗೆ ಬೇಕಾಗಿದ್ದದ್ದೂ ಇದೇ. ತಾಯಮ್ಮ ಮಣ್ಣಿನ ಗಣಪ ಮಾಡುವವರು. ಅಚ್ಚಿಗೆ ಒತ್ತದೆ ಕೈಯಲ್ಲೇ ತೀಡುವುದರಿಂದ ಒಂದು ಗಣಪ ಇದ್ದಂತೆ ಇನ್ನೊಂದು ಇರುವುದಿಲ್ಲ. ನಮ್ಮ ಮನೆಗೆ ನಾನು ಚಿಕ್ಕವಳಿದ್ದಾಗಿನಿಂದ ಗಣಪ ಬರುತ್ತಿದ್ದದ್ದು ಅವರಲ್ಲಿಂದಲೇ. ಹೋದ ವರ್ಷ ಅಬ್ಬಿಗೆರೆಯ ಒಂದು ಅಪಾರ್ಟ್‌ಮೆಂಟಿನವರು ಅವರಿಂದ ಕೊರಿಯರ್ ಮೂಲಕ ಗಣಪಗಳನ್ನು ತರಿಸಿಕೊಂಡಿದ್ದರು. ದಾರಿಯಲ್ಲಿ ಅರ್ಧಕ್ಕರ್ಧ ಸೊಂಡಿಲು ಮುರಿದು ಹೋದವು. ಭಿನ್ನವಾದ ಗಣಪನನ್ನು ಯಾರು ಪೂಜೆಗೆ ಕೂರಿಸುತ್ತಾರೆ? ಹಬ್ಬದ ಹಿಂದಿನ ದಿನ ಆ ಜನ ಬೇರೆ ಗಣಪನಿಗಾಗಿ ಬೀದಿ ಬೀದಿ ಅಲೆದರಂತೆ. ಬೈಗುಳವೆಲ್ಲ ಬಂದದ್ದು ತಾಯಮ್ಮನ ಮಣ್ಣಿಗೆ.

ಈ ಸಲ ಅಲ್ಲಿನ ಸೆಕ್ರೆಟರಿ, ತಾಯಮ್ಮನ ಪರವಾಗಿ ಮಾತಾಡಿದ ನನಗೆ ಫೋನಿನಲ್ಲಿ ಖಡಾಖಂಡಿತ ಹೇಳಿದ್ದರು. "ಒಂದು ಗಣಪನ್ನ ಡಬ್ಬದಲ್ಲಿಟ್ಟು ಬಸ್ಸಲ್ಲೇ ತಗೊಂಡ್ ಬನ್ನಿ ಮೇಡಂ. ಸೊಂಟದ ಎತ್ತರದಿಂದ ಎತ್ತಿ ಹಾಕಿ ನೋಡ್ತೀನಿ. ಕೊರಿಯರ್‌ನವರು ಮಾಡೋದೂ ಅದೇ ತಾನೆ? ಉಳಿದ್ರೆ ಎಲ್ಲಾ ಮನೆಗೂ ನಿಮ್ಮದೇ. ಇಲ್ಲಾಂದ್ರೆ ಪ್ಲಾಸ್ಟರಿಂದೇ ತರ್ತೀವಿ." ಇದನ್ನು ಕೇಳಿದ ತಾಯಮ್ಮ, "ಈ ಸಲೀನೂ ಮುರುದ್ರೆ ನಾನಿನ್ ಮಣ್ ಮುಟ್ಟಾಕಿಲ್ಲ ಕಣವ್ವ" ಅಂದಿದ್ದರು. ಹಾಗೆ ಅಂದರೆ ಹಾಗೆಯೇ ಮಾಡುವ ಹೆಂಗಸು.

ಕೋಗಿಲು ಕ್ರಾಸಿನಿಂದ ಯಲಹಂಕ, ಯಲಹಂಕದಿಂದ ದೊಡ್ಡಬಳ್ಳಾಪುರ ರಸ್ತೆಯ ಬಸ್ಸು. ರಾಜಾನುಕುಂಟೆಯಲ್ಲಿ ಇಳಿದಾಗ ಸಣ್ಣಗೆ ತುಂತುರು. ಹೊಸ ಲೇಔಟಿನ ಕಲ್ಲುಗಳ ಪಕ್ಕದಲ್ಲೇ ರಾಗಿ ಬಿತ್ತಿದ್ದ ಹೊಲ, ಅದರಾಚೆ ತಾಯಮ್ಮನ ಶೀಟಿನ ಮನೆ. ಗೇಣುದ್ದಕ್ಕಿಂತ ಸ್ವಲ್ಪ ಎತ್ತರದ ಗಣಪ ಮಣೆಯ ಮೇಲೆ ಕೂತು ನನಗೋಸ್ಕರ ಕಾಯುತ್ತಿದ್ದ. ನಾನು ಡಬ್ಬದ ಎರಡು ಮೂಲೆ ಹಿಡಿದು ಒತ್ತಿದೆ. ತಳದ ನಾಲ್ಕು ರಟ್ಟಿನ ಎಲೆಗಳು ಟಕ್ಕೆಂದು ಒಂದರೊಳಗೊಂದು ಸಿಕ್ಕಿಕೊಂಡು ಡಬ್ಬ ಎದ್ದು ನಿಂತಿತು. ಗೋಂದಿಲ್ಲ, ಟೇಪಿಲ್ಲ. ಮುಂದೆ ಕೆಂಪಕ್ಷರದಲ್ಲಿ "ಒಡೆಯುವ ವಸ್ತು, ಜೋಪಾನ" ಎಂದು ಬೇರೆ ಹಾಕಿದ್ದೆ. ನನಗಂತೂ ನನ್ನ ಮೇಲೆಯೇ ಬಹಳ ಅಭಿಮಾನ ಬಂತು.

ಮುಚ್ಚಳ ಹಾಕಹೋದರೆ ತಾಯಮ್ಮ ಅಡ್ಡ ಬಂದರು.

"ಮುಚ್ಚಬ್ಯಾಡ. ಬೆಳಿಗ್ಗೆ ಎದ್ದು ಕಣ್ಣು ಬರ್ದ್‌ಬುಟ್ಟೆ."

"ಬರೆದ್ರೆ ಏನೀಗ?"

"ಕಣ್ ಬುಟ್ಟ ಮ್ಯಾಲೆ ಕತ್ಲೇಲಿ ಕೂರುಸ್‌ಬಾರ್ದು ನಮ್ ಮನೇಲಿ. ನಮ್ಮತ್ತೆ ಕಾಲ್ದಿಂದ್ಲೂ ಇಂಗೇಯ. ಓದ್ ವರ್ಸ ನಾನು ಮುಖ ಕಾಣಂಗೆ ಬರೀ ಉಲ್ಲು ಸುತ್ತಿ ಕೊಟ್ಟಿದ್ದೆ."

ಹೋದ ವರ್ಷ ಸೊಂಡಿಲುಗಳು ಯಾಕೆ ಮುರಿದವು ಎಂದು ನನಗೆ ಆಗ ಗೊತ್ತಾಯಿತು. ಪೂರ್ತಿಯಾಗಿರುವ ಗಣಪ ಬೇಕೆಂದು ನಾನೇ ಕೇಳಿದ್ದೆ. ಕಣ್ಣು ಬರೆಯದೆ ಇಟ್ಟಿದ್ದರೆ ಅವರ ಲೆಕ್ಕದಲ್ಲಿ ಅದು ಬರೀ ಮಣ್ಣು, ಯಾವ ಡಬ್ಬಕ್ಕೆ ಬೇಕಾದರೂ ತುಂಬಬಹುದಿತ್ತು. ಈಗ ಹೇಳುತ್ತಾರಲ್ಲ ಪುಣ್ಯಾತ್ಗಿತ್ತಿ! "ಒಂದೆರಡು ಗಂಟೆ ತಾನೆ, ಗಣಪ ಅಡ್ಜಸ್ಟ್ ಮಾಡ್ಕೋತಾನೆ" ಎಂದು ರೇಗಿ ಮುಚ್ಚಳ ಒತ್ತಿದೆ. ತಾಯಮ್ಮ ಡಬ್ಬವನ್ನು ಎದೆಗವಚಿಕೊಂಡು ಬಸ್ ಸ್ಟಾಪಿಗೆ ನಡೆದರು.

ಬಸ್ಸಿನಲ್ಲಿ ಇಬ್ಬರಿಗೂ ಸೊನ್ನೆ ಟಿಕೆಟ್ಟು. ಕಂಡಕ್ಟರ್ ಡಬ್ಬದ ಕಡೆ ಬೆರಳು ತೋರಿಸಿ, "ಇದೇನ್ ಲಗೇಜು?" ಅಂದರು.

"ಗಣಪ ಅವ್ನೆ ಸ್ವಾಮಿ ಒಳಗೆ."

"ಹೆಂಗಸ್ರಿಗೆ ಫ್ರೀ. ಗಣಪ ಜೆಂಟ್ಸ್ ಅಲ್ವೇನ್ರೀ? ಟಿಕೆಟ್ ತಗೋಬೇಕಾಗುತ್ತೆ." ಹಿಂದಿನ ಸೀಟಿನವರೆಲ್ಲ ಗೊಳ್ಳೆಂದು ನಕ್ಕರು. ಕಂಡಕ್ಟರ್ ತಾವೇ ಕೆನ್ನೆ ಬಡಿದುಕೊಂಡು ಮುಂದೆ ಹೋದರು.

ನಗು ಅಲ್ಲಿಗೇ ಮುಗಿಯಿತು. ಮುಂದಿನ ಸ್ಟಾಪಿನಲ್ಲಿ ಹತ್ತಿದ ಒಬ್ಬಾಕೆ ಸೊಪ್ಪಿನ ಚೀಲವನ್ನು ಸಲೀಸಾಗಿ ನಮ್ಮ ಡಬ್ಬದ ಮೇಲೆ ಇಟ್ಟುಬಿಟ್ಟರು. ಕೆಂಪಕ್ಷರ ಎದುರಿಗೇ ಇತ್ತು! ನಾನು ಕೂಗಿದ ಕೂಗಿಗೆ ಡ್ರೈವರ್ ಕನ್ನಡಿಯಲ್ಲಿ ಇಣುಕಿದರು. "ಅಯ್ಯೋ, ಡಬ್ಬ ಅಂದ್ಕೊಂಡೆ ಕಣ್ರೀ" ಎಂದು ಆಕೆ ಚೀಲ ತೆಗೆದರು. ಡಬ್ಬವೇ ಅದು, ಏನು ಹೇಳಲಿ.

ಯಲಹಂಕದಲ್ಲಿ ಇಳಿದು ಹೋಟೆಲಿಗೆ ನುಗ್ಗಿದೆವು. ಇಡ್ಲಿ ವಡೆ ಬಂತು. ಡಬ್ಬವನ್ನು ಟೇಬಲ್ಲಿನ ಮೇಲಿಟ್ಟು ತಿರುಗಿಸುತ್ತೇನೆ, ಮುಂಭಾಗದಲ್ಲಿ ಅಂಗೈಯಗಲ ತೂತು! ಅಂಚೆಲ್ಲ ಹರಿದು ಹೋಗಿತ್ತು. ಒಳಗಿನಿಂದ ಎರಡು ಕಣ್ಣು ನನ್ನನ್ನೇ ನೋಡುತ್ತಿದ್ದವು. ತಾಯಮ್ಮನ ಕೈಯಲ್ಲಿ ಸೆರಗಿನ ಪಿನ್ನು ಇತ್ತು.

ನನ್ನ ಪಿತ್ತ ನೆತ್ತಿಗೇರಿತು. "ಏನ್ ತಾಯಮ್ಮ ಇದು? ರಾತ್ರಿ ಹಗಲು ಕೂತು ಮಾಡಿದೀನಿ. ಮುಂದಿನ ಗೋಡೆ ಹೋದ್ರೆ ಡಬ್ಬದಲ್ಲಿ ಇನ್ನೇನು ಶಕ್ತಿ ಇರುತ್ತೆ? ಆ ಮನುಷ್ಯ ಎತ್ತಿ ಹಾಕ್ತಾನೆ. ಮುರಿಯುತ್ತೆ. ನೀವು ಮಣ್ಣು ಬಿಟ್ಟು ಮನೇಲಿ ಕೂತ್ಕೋತೀರ. ಅಷ್ಟೇ ತಾನೆ ನಿಮಗೆ ಬೇಕಾಗಿರೋದು?"

ತಾಯಮ್ಮ ವಡೆ ಮುರಿದು ಸಾಂಬಾರಿಗೆ ಅದ್ದುತ್ತಾ, "ಬೈಯವ್ವ, ಬೈಕೋ. ಆದ್ರೆ ಮುಚ್ಚಾಕಿಲ್ಲ" ಅಂದರು. ಅವರ ಕಣ್ಣಲ್ಲಿ ನೀರಿತ್ತು. ಇಡ್ಲಿ ತಣ್ಣಗಾಯಿತು.

ಅಬ್ಬಿಗೆರೆಗೆ ನೇರ ಹೋಗುವ ಯೋಚನೆ ಬಿಟ್ಟೆ. ನನ್ನ ಡಬ್ಬಗಳನ್ನೆಲ್ಲ ಮುದ್ರಿಸಿ ಕತ್ತರಿಸುವ ಇಮ್ತಿಯಾಜ್ ಅವರ ಅಂಗಡಿ ಆರ್.ಟಿ. ನಗರದಲ್ಲಿದೆ. ಹೊಸ ಡಬ್ಬ ಆಗಬೇಕೆಂದರೆ ಅಲ್ಲಿಗೇ ಹೋಗಬೇಕು. ಹೆಬ್ಬಾಳದ ಬಸ್ಸು ಹತ್ತಿದೆವು. ಮುನಿಸಿನಲ್ಲಿ ನಾನು ಬಸ್ಸಿನ ಕಿಟಕಿಯ ಕಡೆ ಮುಖ ತಿರುಗಿಸಿ ಕೂತೆ. ಆದರೆ ರಸ್ತೆಯುಬ್ಬು ಬಂದಾಗೆಲ್ಲ ತಾಯಮ್ಮ ಏನು ಮಾಡುತ್ತಿದ್ದರು ಎಂಬುದು ಓರೆಗಣ್ಣಿಗೆ ಬೀಳುತ್ತಿತ್ತು. ಹರಿದ ತೂತಿನೊಳಗೆ ಬಲಗೈ ತೂರಿಸಿ, ಅಂಗೈಯನ್ನು ಗಣಪನ ಹೊಟ್ಟೆಗೆ ಒತ್ತಿ ಹಿಡಿಯುತ್ತಿದ್ದರು. ಬಸ್ಸು ಎಗರಿದರೂ ಗಣಪ ಮುಂದಕ್ಕೆ ವಾಲುತ್ತಿರಲಿಲ್ಲ. ಸೊಂಡಿಲಿಗೆ ಏನೂ ತಾಗುತ್ತಿರಲಿಲ್ಲ.

ಹೆಬ್ಬಾಳದ ಫ್ಲೈಓವರ್ ಕೆಳಗೆ ಬಸ್ಸು ಜಾಮ್‌ನಲ್ಲಿ ನಿಂತಾಗ ನನಗೆ ಹೊಳೆಯಿತು. ಮುಂದಿನ ಗೋಡೆಯನ್ನು ಕತ್ತರಿಸಿ ಎಸೆಯುವುದು ಯಾಕೆ? ಮೂರು ಕಡೆ ಮಾತ್ರ ಸೀಳಿ, ಕೆಳಗಿನ ಕಡೆ ಹಾಗೇ ಬಿಟ್ಟು, ಒಳಕ್ಕೆ ಮಡಚಿದರೆ? ಕಿಟಕಿಯೂ ಆಯಿತು, ಮಡಚಿದ ರಟ್ಟು ತಾಯಮ್ಮನ ಅಂಗೈಯ ಹಾಗೆ ಹೊಟ್ಟೆಗೆ ಒತ್ತಿ ಕೂರುತ್ತದೆ. "ತಾಯಮ್ಮ, ಕೈ ಹಂಗೇ ಇಡಿ, ತೆಗೀಬೇಡಿ" ಎಂದು ಕೂಗಿ ಫೋನಿನಲ್ಲಿ ಫೋಟೋ ತೆಗೆದೆ. ಪಕ್ಕದವರು ನನಗೆ ಹುಚ್ಚು ಹಿಡಿದಿದೆ ಎಂದುಕೊಂಡಿರಬೇಕು.

ಹೆಬ್ಬಾಳದಿಂದ ಆಟೋ. ಮೀಟರಿಗೆ ಬರೋದಿಲ್ಲ ಎಂದು ಹಟ ಹಿಡಿದ ಡ್ರೈವರ್, ತೂತಿನಲ್ಲಿ ಗಣಪನನ್ನು ನೋಡಿದ ಮೇಲೆ ಮೀಟರ್ ಹಾಕಿದ. ಇಮ್ತಿಯಾಜ್ ಬಾಗಿಲಲ್ಲೇ ನಿಂತು, "ಏನ್ ಮೇಡಂ, ಗಣಪತಿ ಬಾಗಿಲು ಒಡ್ಕೊಂಡು ಈಚೆ ಬಂದವ್ನಲ್ಲ!" ಎಂದು ನಕ್ಕರು. ಮಹಡಿಯ ಕಡೆ ತಿರುಗಿ, "ತೀನ್ ಚಾ ಭಿಜಾವ್, ಗಣಪತಿ ಆಕೋ ಬೈಟ್ಯಾ!" ಎಂದು ಮನೆಯವರಿಗೆ ಕೂಗಿ, ಗಣಪತಿ ಬಂದು ಕೂತಿದ್ದಾನೆಂದು ಮೂರು ಚಹಾ ಹೇಳಿದರು.

ನಾನು ಅವರ ಕಂಪ್ಯೂಟರಿನ ಮುಂದೆ ಕೂತೆ. ಕಿಟಕಿಯ ಗೆರೆ ಎಳೆದೆ. ಮಡಚುವ ಎಲೆಯನ್ನು ಅಂಗೈಯಷ್ಟೇ ಅಗಲ ಮಾಡಿದೆ. ಮೊದಲನೆಯದು ಮಡಿಸುವಾಗಲೇ ಬುಡದಲ್ಲಿ ಬಿರಿಯಿತು. ರಟ್ಟಿನ ನಾರು ಅಡ್ಡ ಬಂದಿತ್ತು. ಹಾಳೆ ತಿರುಗಿಸಿ ಹಾಕಿದೆವು. ಎರಡನೆಯದರಲ್ಲಿ ಎಲೆ ಉದ್ದವಾಗಿ ಸೊಂಡಿಲಿಗೆ ತಾಗಿತು. ತಾಯಮ್ಮ "ಆss" ಎಂದು ತಮಗೇ ನೋವಾದವರಂತೆ ಕೂಗಿದರು. ಮೂರನೆಯದು ಸರಿಯಾಗಿ ಕೂತಿತು.

"ಕೆಂಪಕ್ಷರ ಎಲ್ಲಿ ಹಾಕ್ಲಿ?" ಎಂದು ಇಮ್ತಿಯಾಜ್ ಕೇಳಿದರು.

"ಬೇಡ ಬಿಡಿ. ಯಾರೂ ಓದಲ್ಲ."

ಮೇಖ್ರಿ ಸರ್ಕಲ್ ದಾಟಿ ಯಶವಂತಪುರಕ್ಕೆ ಬಂದಾಗ ಮಳೆ ಜೋರಾಗಿತ್ತು. ಮಂಡಿಯ ಈರುಳ್ಳಿ ವಾಸನೆ ಇಡೀ ರಸ್ತೆಗೆ ಹಬ್ಬಿತ್ತು. ತಾಯಮ್ಮ ಡಬ್ಬಕ್ಕೆ ಸೆರಗು ಹೊದಿಸಿ, ಕಿಟಕಿಯ ಹತ್ತಿರ ಮಾತ್ರ ಸ್ವಲ್ಪ ಸರಿಸಿ ಹಿಡಿದರು. ಅಬ್ಬಿಗೆರೆ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಆದರೆ ಬಾಗಿಲಲ್ಲಿ ನಿಂತಿದ್ದ ಒಬ್ಬ, "ಏ ಮಗಾ, ಸೈಡ್ ಬಿಡೋ, ಗಣಪ ಬರ್ತಾವ್ನೆ" ಎಂದು ಗೆಳೆಯನನ್ನು ಎಳೆದ. ಜನ ಅತ್ತಿತ್ತ ಸರಿದರು. ಕೂತಿದ್ದವರೊಬ್ಬರು ಎದ್ದು ಸೀಟು ಬಿಟ್ಟರು. ಹೂವಿನ ಬುಟ್ಟಿ ಇಟ್ಟುಕೊಂಡಿದ್ದ ಹೆಂಗಸು ಒಂದು ಎಳೆ ಕನಕಾಂಬರ ತೆಗೆದು ಕಿಟಕಿಯೊಳಗೆ ಇಟ್ಟರು. ದಾರಿಯುದ್ದಕ್ಕೂ ಒಂದು ಚೀಲವೂ ಆ ಡಬ್ಬಕ್ಕೆ ತಾಗಲಿಲ್ಲ. ಮುಖ ಕಾಣುವ ಡಬ್ಬವನ್ನು ಜನ ನೋಡಿಕೊಳ್ಳುವ ರೀತಿಯೇ ಬೇರೆ. ಇಷ್ಟು ವರ್ಷ ಡಬ್ಬ ಬರೆದ ನನಗೆ ಇದು ಗೊತ್ತಿರಲಿಲ್ಲ.

ಅಬ್ಬಿಗೆರೆಯ ಅಪಾರ್ಟ್‌ಮೆಂಟಿನ ಗೇಟಿನ ಒಳಗೆ, ಕಾರು ನಿಲ್ಲಿಸುವ ಜಾಗದಲ್ಲಿ ಸೆಕ್ರೆಟರಿ ಕಾಯುತ್ತಿದ್ದರು. ಕೆಟ್ಟ ಮನುಷ್ಯರೇನಲ್ಲ. ಹೋದ ವರ್ಷ ಎಲ್ಲರಿಂದ ಉಗಿಸಿಕೊಂಡಿದ್ದವರು. "ಕೊಡಿ ಮೇಡಂ" ಎಂದು ಡಬ್ಬವನ್ನು ಸೊಂಟದ ಎತ್ತರಕ್ಕೆ ಎತ್ತಿ ಹಿಡಿದರು. ಕೆಳಗೆ ಸಿಮೆಂಟಿನ ನೆಲ. ಅವರು ಕಿಟಕಿಯೊಳಗೆ ನೋಡಿದರು. ಮತ್ತೊಮ್ಮೆ ನೋಡಿದರು.

"ಕಣ್ಣು ಬಿಟ್ಕೊಂಡು ನೋಡ್ತಿದ್ದಾನಲ್ರೀ... ಹೆಂಗ್ರೀ ಎತ್ತಿ ಹಾಕೋದು?" ಎಂದು ಡಬ್ಬವನ್ನು ಮೆಲ್ಲಗೆ ಕೆಳಗಿಟ್ಟರು. "ಬಿಡಿ, ಒಪ್ಕೊಂಡೆ. ಡಬ್ಬ ಚೆನ್ನಾಗೇ ಇದೆ."

ನನಗೆ ಹೋದ ಜೀವ ಬಂದಂತಾಯಿತು. ಗೆದ್ದೆವಲ್ಲ! ಥ್ಯಾಂಕ್ಸ್ ಹೇಳಲು ಬಾಯಿ ತೆರೆಯುವಷ್ಟರಲ್ಲಿ ತಾಯಮ್ಮ ಮುಂದೆ ಬಂದು ಡಬ್ಬ ಎತ್ತಿಕೊಂಡರು.

"ಅಂಗಾಗಾಕಿಲ್ಲ ಸ್ವಾಮಿ. ನಾಳಿಕ್ಕೆ ದಾರೀಲಿ ಬಿದ್ದು ಮುರುದ್ರೆ, ಆಯಮ್ಮನ ಮಣ್ಣೇ ಸರಿಯಿಲ್ಲ ಅಂತೀರ. ಓದ್ ವರ್ಸ ಅಂದ್ರಲ್ಲ."

"ತಾಯಮ್ಮ, ಬೇಡ" ಎಂದೆ. ಮುಚ್ಚಾಕಿಲ್ಲ ಎಂದು ಹೋಟೆಲಿನಲ್ಲಿ ಕಣ್ಣೀರು ಹಾಕಿದ ಹೆಂಗಸು!

"ಕತ್ಲೇಲಿ ಕೂರಾಕಿಲ್ಲ ಅಂದೆ. ಬೀಳಾಕಿಲ್ಲ ಅಂದ್ನಾ? ಕಳುಸ್ದ ಮ್ಯಾಲೆ ಬೀಳೋದು ಬೀಳ್ತಾನೆ. ಮುರೀದೆ ಇರ್ತಾನಾ, ಅದ್ ನನಗೆ ಗೊತ್ತಾಗ್‌ಬೇಕು."

ಸೊಂಟಕ್ಕಲ್ಲ, ಎದೆಯ ಎತ್ತರಕ್ಕೆ ಎತ್ತಿದರು. ಕಣ್ಣು ಮುಚ್ಚಿಕೊಂಡರು. ಕೈ ಬಿಟ್ಟರು.

ದಪ್ಪೆಂದು ಬಿತ್ತು. ಒಂದು ಮೂಲೆ ಒಳಕ್ಕೆ ಚಪ್ಪಟೆಯಾಯಿತು. ಡಬ್ಬ ಒಂದು ಸಲ ಮಗ್ಗುಲಾಗಿ ನಿಂತಿತು. ಯಾರೂ ಅಲ್ಲಾಡಲಿಲ್ಲ. ಕೊನೆಗೆ ನಾನೇ ಮಂಡಿಯೂರಿ, ಮುಚ್ಚಳ ತೆಗೆದೆ. ಮಡಚಿದ ಎಲೆ ಹೊಟ್ಟೆಗೆ ಒತ್ತಿಕೊಂಡು ಹಾಗೇ ಇತ್ತು. ಸೊಂಡಿಲು ಇತ್ತು. ಕಿವಿ, ದಂತ, ಕೈಯ ಮೋದಕ, ಎಲ್ಲ ಇದ್ದವು. ಕನಕಾಂಬರ ಮಾತ್ರ ಪಾದದ ಹತ್ತಿರ ಜಾರಿತ್ತು.

"ತಾಯಮ್ಮ, ಕಣ್ಣು ಬಿಡಿ" ಎಂದೆ. ಅವರು ನೋಡಿದರು. ಅಲ್ಲೇ ನೆಲದ ಮೇಲೆ ಕೂತು ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ನಾನೂ ಅತ್ತೆ. ಸೆಕ್ರೆಟರಿ ಪಾಪ, ಏನು ಮಾಡಬೇಕೆಂದು ತಿಳಿಯದೆ ಎರಡು ಲೋಟ ನೀರು ತರಿಸಿದರು. "ಇವನು ಇಲ್ಲೇ ಇರ್ಲಿ ಕಣಮ್ಮ, ನಮ್ಮನೆ ಹಬ್ಬಕ್ಕೆ. ಉಳಿದೋರ ಮನೆಗೆಲ್ಲ ನೀವು ಮಾಡಿ ಕಳಿಸಿ" ಅಂದರು.

ವಾಪಸ್ಸು ಜಾಲಹಳ್ಳಿಯ ಮೇಲೆ ಯಲಹಂಕ ದಾಟಿ ರಾಜಾನುಕುಂಟೆಗೆ ಹೋಗುವ ಬಸ್ಸು ಸಿಕ್ಕಿತು. ಮಳೆ ನಿಂತು ಗಾಳಿ ಮಾತ್ರ ಬೀಸುತ್ತಿತ್ತು. ಹರಿದ ಹಳೆಯ ಡಬ್ಬ ಮಡಚಿಕೊಂಡು ನನ್ನ ಬಗಲಲ್ಲಿತ್ತು. ತಾಯಮ್ಮ ಕಿಟಕಿಯ ಪಕ್ಕ ಕೂತು ತೂಕಡಿಸುತ್ತಿದ್ದರು. ಯಲಹಂಕ ಹತ್ತಿರವಾದಾಗ ಒಂದು ದೊಡ್ಡ ರಸ್ತೆಯುಬ್ಬು ಬಂದು ಬಸ್ಸು ಎಗರಿತು. ತಾಯಮ್ಮನ ಬಲಗೈ ತಾನಾಗಿ ಮುಂದೆ ಬಂದು, ಅಂಗೈ ಅಗಲಿಸಿ, ಖಾಲಿ ಮಡಿಲ ಮೇಲೆ ಗಾಳಿಯನ್ನು ಒತ್ತಿ ಹಿಡಿಯಿತು.

ಅವರಿಗೆ ಎಚ್ಚರವಾಯಿತು. ಆ ಕೈಯನ್ನೇ ಸ್ವಲ್ಪ ಹೊತ್ತು ನೋಡಿಕೊಂಡರು.

"ಇನ್ ಈ ಕೈಗೆ ಕೆಲ್ಸ ಇಲ್ಲ ಕಣವ್ವ. ನಿನ್ ಡಬ್ಬ ಕಿತ್ಕೊಂತು."

"ಕೆಲ್ಸ ಇಲ್ವಾ? ಅಷ್ಟು ಮನೆಗೂ ಗಣಪ ಮಾಡೋರ್ ಯಾರು?"

ತಾಯಮ್ಮ ಬೆರಳಿನ ಸಂದಿಯಲ್ಲಿ ಒಣಗಿದ್ದ ಮಣ್ಣನ್ನು ಉಗುರಿನಿಂದ ಬಿಡಿಸತೊಡಗಿದರು. ಅಷ್ಟರಲ್ಲಿ ಏನೋ ನೆನಪಾದಂತೆ ನಿಲ್ಲಿಸಿದರು. "ಇರ್ಲಿ ಬುಡು, ಬೆಳಿಗ್ಗೆ ಎದ್ರೆ ಮತ್ತೆ ಮೆತ್ಕೋತದೆ" ಎಂದು ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತರು. ನಾನು ಯಲಹಂಕದಲ್ಲಿ ಇಳಿದೆ.