ಬಣ್ಣ ಬಳಿದ ಹುಕ್ಕಿಗೆ ಹೆದರುವ ಹುಕ್ರಪ್ಪ

ಬೆಳಗ್ಗೆ ಆರು ಗಂಟೆ. ವೇಣೂರಿನ ಸುಕುಮಾರ ಜೈನರ ಮನೆಯ ಹಿತ್ತಲಿಗೆ ಕ್ರೇನ್ ಲಾರಿ ಬಂದು ಅರ್ಧ ಗಂಟೆಯಾಗಿದೆ. ಚಾಲಕ ಅಬ್ದುಲ್ ಸಲಾಂ ಲಾರಿಯ ನಾಲ್ಕೂ ಕಾಲುಗಳ ಕೆಳಗೆ ಹಲಗೆ ಕೊಟ್ಟು ನೆಲಕ್ಕೆ ಊರಿಸಿದ್ದಾರೆ. ಮನೆಯವರು ಚಹಾ ಕೊಟ್ಟೂ ಆಗಿದೆ. ಕೆಲಸ ಮಾತ್ರ ಶುರುವಾಗಿಲ್ಲ. ಹುಕ್ ಹಾಕುವ ಹುಕ್ರಪ್ಪ ಬಾವಿಯಿಂದ ಹತ್ತು ಹೆಜ್ಜೆ ಆಚೆ ಕುಕ್ಕರಗಾಲಿನಲ್ಲಿ ಕೂತು, ಹಳೆಯ ಬ್ಲೇಡಿನಿಂದ ಹುಕ್ಕುಗಳ ಬಣ್ಣ ಕೆರೆಯುತ್ತಿದ್ದಾರೆ.

ಹಳದಿ ಬಣ್ಣ. ಆಯುಧಪೂಜೆ ಕಳೆದು ಇನ್ನೂ ವಾರವಾಗಿಲ್ಲ, ಆಮೇಲೆ ಇದೇ ಮೊದಲ ಕೆಲಸ. ಬಿ.ಸಿ.ರೋಡಿನ ಶೆಡ್ಡಿನಲ್ಲಿ ಲಾರಿ ತೊಳೆದು, ಸರಪಳಿಗೂ ಹುಕ್ಕುಗಳಿಗೂ ಪೇಂಟ್ ಹೊಡೆದು, ಕುಂಕುಮ ಹಚ್ಚಿ, ಕುಂಬಳಕಾಯಿ ಒಡೆದಿದ್ದಾರೆ. ಈಗ ಕ್ರೇನು ಮದುಮಗನ ಹಾಗೆ ಉಂಟು ಎಂದು ಸಲಾಂ ನಗುತ್ತಾರೆ. ಹುಕ್ರಪ್ಪ ನಗುವುದಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ಅವರಷ್ಟು ಗಟ್ಟಿಯಾಗಿ ನಂಬಿದವರು ಬಂಟ್ವಾಳ ತಾಲೂಕಿನಲ್ಲೇ ಇನ್ನೊಬ್ಬರು ಸಿಗಲಾರರು.

ವಿಟ್ಲದ ಹತ್ತಿರದ ಹುಕ್ರಪ್ಪನವರಿಗೆ ಐವತ್ತಾರು ವರ್ಷ. ಅದರಲ್ಲಿ ಇಪ್ಪತ್ತಮೂರನ್ನು ಕ್ರೇನ್ ಲಾರಿಯ ಹಿಂದೆ ಕಳೆದಿದ್ದಾರೆ. ಬೆಳ್ತಂಗಡಿಯಲ್ಲಿ ಟ್ರಾನ್ಸ್‌ಫಾರ್ಮರ್, ಮೂಡುಬಿದಿರೆಯಲ್ಲಿ ಕಬ್ಬಿಣದ ತೊಲೆ, ಇಂದು ವೇಣೂರಿನಲ್ಲಿ ಬಾವಿಯ ಸಿಮೆಂಟ್ ರಿಂಗ್. ಭಾರ ಮೇಲೇರುವುದನ್ನು ನೋಡಲು ಜನ ಸೇರುತ್ತಾರೆ, ಮೊಬೈಲ್ ಎತ್ತಿ ವಿಡಿಯೊ ಮಾಡುತ್ತಾರೆ. ಹುಕ್ ಸಿಕ್ಕಿಸಿ ಪಕ್ಕಕ್ಕೆ ಸರಿದವರು ಆ ವಿಡಿಯೊದಲ್ಲಿ ಇರುವುದಿಲ್ಲ. ದಿನಕ್ಕೆ ಹತ್ತರಿಂದ ಹದಿನೈದು ಸಲ ಎತ್ತಬೇಕಾಗುತ್ತದೆ, ಪ್ರತಿ ಸಲವೂ ಅವರ ಬಾಯಿ ಒಣಗುತ್ತದೆ.

"ಹೆದರಿಕೆ ಹೋಗಲಿಲ್ಲವಾ ಅಂತ ಕೇಳ್ತಾರೆ. ಹೋದ ದಿನ ನಾನು ಮನೆಯಲ್ಲಿ ಕೂತುಕೊಳ್ತೇನೆ," ಎನ್ನುತ್ತಾರೆ.

ಅವರ ಅಂಗಿಯ ಜೇಬಿನಲ್ಲಿ ಹಲಸಿನ ಮರದ ಒಂದು ಗೂಟ ಸದಾ ಇರುತ್ತದೆ. ಹೊಸ ಹುಕ್ಕಿನ ಬಾಯಿಗೆ ಸರಿಯಾಗಿ ಕೂರುವಂತೆ ಕೆತ್ತಿಕೊಂಡದ್ದು. ಹಳೆಯ ಹುಕ್ಕಿನ ಬಾಯಿಯಲ್ಲಿ ಅದು ಸಡಿಲವಾದರೆ ಭಾರಕ್ಕೆ ಹುಕ್ ಅಗಲವಾಗಿದೆ ಎಂದೇ ಲೆಕ್ಕ, ಅದನ್ನು ಮತ್ತೆ ಮುಟ್ಟುವುದಿಲ್ಲ. ಆಮೇಲೆ ಚಿಲಕ. ಹುಕ್ಕಿನ ಬಾಯಿಗೆ ಅಡ್ಡ ಇರುವ ಆ ಸ್ಪ್ರಿಂಗಿನ ತುಂಡು ಒತ್ತಿ ಬಿಟ್ಟರೆ ತಾನಾಗಿ ಮುಚ್ಚಬೇಕು. ಭಾರ ಹುಕ್ಕಿನ ಹೊಟ್ಟೆಯಲ್ಲಿ ಕೂರಬೇಕು, ತುದಿಯಲ್ಲಿ ನೇತಾಡಬಾರದು. ರಿಂಗಿಗೆ ಸಿಕ್ಕಿಸುವ ಮೂರು ಹುಕ್ಕುಗಳ ಮೂತಿಯೂ ಹೊರಗೆ ನೋಡಬೇಕು, ಇಲ್ಲವಾದರೆ ಸರಪಳಿ ಸಡಿಲಾದಾಗ ಜಾರಿ ಬರುತ್ತದೆ.

ಇಂದು ಇಳಿಯಬೇಕಾದದ್ದು ಆರು ರಿಂಗ್, ಒಂದೊಂದೂ ಎಂಟು ಕ್ವಿಂಟಲ್. ಮಳೆಗಾಲದಲ್ಲಿ ಬಾವಿಯ ಒಂದು ಬದಿ ಕುಸಿದು, ಸುಕುಮಾರರ ಮನೆಯವರು ಎರಡು ತಿಂಗಳಿಂದ ಪಕ್ಕದ ಮನೆಯ ನೀರು ಹೊರುತ್ತಿದ್ದಾರೆ. ಮೂವತ್ತು ಅಡಿ ಕೆಳಗೆ ರಿಂಗ್ ಕೂರಿಸುವ ಭವಿತ್ ಆಗಲೇ ಇಳಿದು ತಳ ಸಮ ಮಾಡುತ್ತಿದ್ದಾನೆ. ಇಪ್ಪತ್ತೊಂಬತ್ತರ ಗಟ್ಟಿಮುಟ್ಟಾದ ಆಳು, ಹೆದರಿಕೆ ಎಂದರೇನೆಂದು ತಿಳಿಯದವನು.

ಮೂರನೆಯ ಹುಕ್ಕಿನ ಬಣ್ಣ ಕೆರೆಯುವಾಗ ಬ್ಲೇಡು ಒಂದು ಕಡೆ ತುಸು ತಡೆಯುತ್ತದೆ. ಹುಕ್ರಪ್ಪ ಅಲ್ಲಿಗೆ ಸೀಮೆಎಣ್ಣೆ ಸವರಿ, ಬಟ್ಟೆಯಲ್ಲಿ ಒರೆಸಿ, ಸೀಮೆಸುಣ್ಣ ತಿಕ್ಕಿ ಕಾಯುತ್ತಾರೆ. ಸುಣ್ಣದ ಮೇಲೆ ಕೂದಲಿನಷ್ಟು ತೆಳುವಾದ ಗೆರೆಯೊಂದು ಒದ್ದೆಯಾಗಿ ಮೂಡುತ್ತದೆ, ಬಿರುಕಿಗೆ ಇಳಿದ ಎಣ್ಣೆ.

"ಸಲಾಂ, ಇದು ಬೇಡ. ಬೇರೆ ತರಿಸು."

"ಬೇರೆ ಇಲ್ಲ ಹುಕ್ರಪ್ಪಣ್ಣ. ಬಿ.ಸಿ.ರೋಡಿಂದ ಬರಬೇಕಷ್ಟೆ. ಎರಡು ಗಂಟೆ ಹೋಗ್ತದೆ."

"ಹೋಗ್ಲಿ."

ಸುಕುಮಾರರ ಮುಖ ಗಂಟಾಗುತ್ತದೆ. "ಕಳೆದ ವಾರ ಇದರಲ್ಲೇ ಎತ್ತಿದ್ದಲ್ವಾ? ಒಂದು ಗೆರೆಗೆ ಇಷ್ಟು ದೊಡ್ಡ ರಾಮಾಯಣವಾ?" ಕ್ರೇನಿನ ಮಾಲೀಕರು ಫೋನಿನಲ್ಲಿ ಸಲಾಂರನ್ನು ಬೈಯುತ್ತಿರುವುದು ಹಿತ್ತಲಿಗೆಲ್ಲ ಕೇಳುತ್ತದೆ. ಬಾವಿಯೊಳಗಿಂದ ಭವಿತ್ ಕೂಗುತ್ತಾನೆ, "ಇಳಿಸಿ ಮಾವ. ನಾನು ಬದಿಗೆ ನಿಲ್ತೇನೆ. ಒಂದು ಸಲಕ್ಕೆ ಎಂತ ಆಗ್ತದೆ?"

ಬಾವಿಯಲ್ಲಿ ಬದಿ ಎಲ್ಲಿಂದ ಬರಬೇಕು? ಒಂದು ಸಲಕ್ಕೆ ಏನಾಗುತ್ತದೆ ಎಂಬುದು ಹುಕ್ರಪ್ಪನವರಿಗೆ ಗೊತ್ತು. ಭವಿತನ ಅಪ್ಪ ತುಕ್ರಪ್ಪನವರಿಗೂ ಗೊತ್ತು.

ಹನ್ನೊಂದು ವರ್ಷದ ಹಿಂದಿನ ಮಾತು, ಮೂಡುಬಿದಿರೆಯ ಹೊರವಲಯ, ಆಯುಧಪೂಜೆಯ ಮರುದಿನ. ಹುಕ್ರಪ್ಪ, ತುಕ್ರಪ್ಪ ಇಬ್ಬರೂ ಒಂದೇ ಕ್ರೇನಿನಲ್ಲಿ ದುಡಿಯುತ್ತಿದ್ದ ಜೋಡಿ. ಹಿಂದಿನ ದಿನ ಬಳಿದ ಬಣ್ಣ ಚಿಲಕದ ಸಂದಿಯಲ್ಲಿ ಒಣಗಿ, ಚಿಲಕ ತೆರೆದುಕೊಂಡೇ ಅಂಟಿ ಹೋಗಿತ್ತು. ತೊಲೆಯನ್ನು ಒಮ್ಮೆ ಕೆಳಗಿಟ್ಟು ಮತ್ತೆ ಎತ್ತಿದಾಗ ಸರಪಳಿ ಹುಕ್ಕಿನ ತುದಿಗೆ ಬಂದು ಕಳಚಿಕೊಂಡಿತು. ತುಕ್ರಪ್ಪನವರ ಬಲಗಾಲು ಮೊಣಕಾಲಿನಿಂದ ಕೆಳಗೆ ಉಳಿಯಲಿಲ್ಲ.

"ಆ ಬಣ್ಣ ಬಳಿದದ್ದು ನಾನೇ," ಎನ್ನುತ್ತಾರೆ ಹುಕ್ರಪ್ಪ. "ಪೂಜೆಗೆ ಚಂದ ಕಾಣಲಿ ಅಂತ ಎರಡು ಕೋಟ್ ಹೊಡೆದಿದ್ದೆ. ಅವ ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಒಳ್ಳೆದಿತ್ತು."

ಆ ತುಕ್ರಪ್ಪನವರ ಒಬ್ಬನೇ ಮಗ ಈಗ ಬಾವಿಯ ತಳದಲ್ಲಿದ್ದಾನೆ. ಹುಕ್ರಪ್ಪ ಬಾವಿಕಟ್ಟೆಗೆ ಬಂದು ಬಗ್ಗುತ್ತಾರೆ. "ಭವಿತ್, ಮೇಲೆ ಬಾ. ನೀನು ಬರದೆ ಹುಕ್ಕಿಗೆ ಕೈ ಹಾಕುವುದಿಲ್ಲ." ಧ್ವನಿ ದೊಡ್ಡದೇನಲ್ಲ. ಆದರೆ ಭವಿತ್ ಗೊಣಗುತ್ತಲೇ ಹಗ್ಗದ ಏಣಿ ಹತ್ತುತ್ತಾನೆ.

ಎಂಟೂವರೆಗೆ ಹೊಸ ಹುಕ್ ಬರುತ್ತದೆ. ಗೂಟ ಸರಿಯಾಗಿ ಕೂರುತ್ತದೆ, ಚಿಲಕ ಟಕ್ ಎಂದು ಮುಚ್ಚುತ್ತದೆ. ಹುಕ್ರಪ್ಪ ಮೂರೂ ಹುಕ್ ಸಿಕ್ಕಿಸಿ, ಮೂತಿಗಳನ್ನು ಹೊರಗೆ ತಿರುಗಿಸಿ, ಕೈ ಎತ್ತುತ್ತಾರೆ. "ಒಂದು ಗೇಣು ಎತ್ತಿ ನಿಲ್ಲಿಸು." ಭಾರ ನೆಲ ಬಿಡುತ್ತದೆ. ಅವರು ಮನಸ್ಸಿನಲ್ಲೇ ಇಪ್ಪತ್ತರವರೆಗೆ ಎಣಿಸುತ್ತಾರೆ. ಸರಪಳಿ ಎಲ್ಲೋ ಕಿರ್ರೆನ್ನುತ್ತದೆ, ಮತ್ತೆ ಮೊದಲಿನಿಂದ ಎಣಿಸುತ್ತಾರೆ. ಆಮೇಲೆ ಅವರೂ ಭವಿತನೂ ಮೇಲಿನಿಂದಲೇ ಹಗ್ಗ ಹಿಡಿದು ರಿಂಗ್ ತೂಗಾಡದಂತೆ ನೋಡಿಕೊಳ್ಳುತ್ತಾರೆ, ಸಲಾಂ ಅದನ್ನು ಕ್ರೇನಿನಿಂದ ತಳಕ್ಕೆ ಇಳಿಸುತ್ತಾರೆ. ಅದು ಕೂತ ಮೇಲಷ್ಟೇ ಭವಿತ್ ಇಳಿದು ಹುಕ್ ಬಿಡಿಸುತ್ತಾನೆ, ಮತ್ತೆ ಹತ್ತುತ್ತಾನೆ. ಆರು ರಿಂಗಿಗೆ ಆರು ಸಲ. ಒಂದೊಂದು ಸಲವೂ ಅವನ ತಲೆ ಕಟ್ಟೆಯ ಮೇಲೆ ಕಾಣುವವರೆಗೆ ಹುಕ್ರಪ್ಪ ಮುಂದಿನ ರಿಂಗನ್ನು ಮುಟ್ಟುವುದಿಲ್ಲ.

ಮಧ್ಯಾಹ್ನ ಒಂದು ಗಂಟೆಗೆ ಕೊನೆಯ ರಿಂಗ್ ಕೂರುತ್ತದೆ. ಎಲ್ಲರೂ ಕೈ ತೊಳೆಯುವಾಗ ಹುಕ್ರಪ್ಪ ಗೆರೆ ಬಿದ್ದ ಹುಕ್ಕನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆ ಎತ್ತುತ್ತಾರೆ. ಕೆಟ್ಟ ಹುಕ್ಕನ್ನು ಹಾಗೇ ಬಿಟ್ಟರೆ ಯಾರಾದರೂ ಮತ್ತೆ ಬಣ್ಣ ಬಳಿದು ಪೆಟ್ಟಿಗೆಗೆ ಹಾಕುತ್ತಾರೆ ಎಂಬ ಹೆದರಿಕೆ ಅವರದು. ನಾಲ್ಕನೆಯ ಏಟಿಗೆ ಹುಕ್ ಎರಡಾಗುತ್ತದೆ. ಭವಿತ್ ತುಂಡನ್ನು ಎತ್ತಿಕೊಂಡು ನೋಡುತ್ತಾನೆ. ಮುರಿದ ಜಾಗದಲ್ಲಿ ಮುಕ್ಕಾಲು ಪಾಲು ಕಪ್ಪಗೆ ತುಕ್ಕು ಹಿಡಿದಿದೆ, ಉಳಿದ ಕಾಲು ಪಾಲು ಮಾತ್ರ ಈಗಷ್ಟೇ ಮುರಿದಂತೆ ಹೊಳೆಯುತ್ತಿದೆ. ಕಳೆದ ವಾರವೆಲ್ಲ ಭಾರ ಹೊತ್ತದ್ದು ಆ ಕಾಲು ಪಾಲು.

ಸುಕುಮಾರರು ಒಳಗೆ ಹೋಗಿ ಒಂದು ಚೊಂಬು ಮಜ್ಜಿಗೆ ತಂದು ತಾವೇ ಹುಕ್ರಪ್ಪನವರ ಕೈಗೆ ಕೊಡುತ್ತಾರೆ. ಭವಿತ್ ಆ ತುಂಡನ್ನು ಕೆಳಗಿಡದೆ ಕೇಳುತ್ತಾನೆ, "ಇದನ್ನು ಅಪ್ಪನಿಗೆ ತೋರಿಸಲಾ ಮಾವ?"

"ಬೇಡ ಮಾರಾಯ. ನೀನು ಮನೆಗೆ ಹೋಗು. ಅವನಿಗೆ ಅಷ್ಟು ಸಾಕು."

ಪತ್ರಿಕೆಯ ಫೋಟೊಕ್ಕೆ ನಿಲ್ಲಿ ಎಂದರೆ ಹುಕ್ರಪ್ಪ ಹಿಂದೆ ಸರಿಯುತ್ತಾರೆ. ಹನ್ನೊಂದು ವರ್ಷದ ಹಿಂದೆ ತುಕ್ರಪ್ಪನವರ ಹೆಸರು ಪತ್ರಿಕೆಯ ಮೂಲೆಯಲ್ಲಿ ನಾಲ್ಕು ಸಾಲಿನಲ್ಲಿ ಬಂದದ್ದನ್ನು ಅವರು ಇನ್ನೂ ಮರೆತಿಲ್ಲ.

"ನಮ್ಮ ಕೆಲಸದವರ ಹೆಸರು ಪೇಪರಿಗೆ ಬರುವುದು ಏನಾದ್ರೂ ಬಿದ್ದ ದಿನ ಮಾತ್ರ," ಎನ್ನುತ್ತಾರೆ ಗೂಟವನ್ನು ಜೇಬಿಗೆ ಸೇರಿಸುತ್ತ. "ನೀವು ಬರೆಯುವುದಾದರೆ ಇಷ್ಟು ಬರೆಯಿರಿ. ವೇಣೂರಿನಲ್ಲಿ ಇವತ್ತು ಆರು ರಿಂಗ್ ಇಳಿಸಿದ್ರು. ಏನೂ ಬೀಳಲಿಲ್ಲ."